ಹಳೆಯ ಮ್ಯಾನುಯಲ್ ಲೆನ್ಸ್‌ಗಳಿಗೆ ಯಾವ ಡಿಎಸ್‌ಎಲ್‌ಆರ್ ತೆಗೆದುಕೊಳ್ಳಬೇಕು?

ಪ್ರಶ್ನೆ: ಬಸವನಗುಡಿಯಲ್ಲಿದ್ದ ನನ್ನ ಸೋದರಮಾವ ಕಳೆದ ವರ್ಷ ತೀರಿಕೊಂಡರು. ಅವರ ಟ್ರಂಕಿನಲ್ಲಿ ಒಂದು ನಿಕಾನ್ ಎಫ್‌ಎಂ ಫಿಲ್ಮ್ ಕ್ಯಾಮೆರಾ, 28 ಮಿ.ಮೀ. ಎಫ್/3.5, 50 ಮಿ.ಮೀ. ಎಫ್/1.4 ಮತ್ತು 105 ಮಿ.ಮೀ. ಎಫ್/2.5 ಎಂಬ ಮೂರು ನಿಕ್ಕಾರ್ ಲೆನ್ಸ್‌ಗಳು, ಜೊತೆಗೆ ಜೆನಿಟ್ ಕ್ಯಾಮೆರಾಕ್ಕೆ ಹಾಕಿದ್ದ ಹೀಲಿಯೋಸ್ 44-2 ಲೆನ್ಸ್ ಸಿಕ್ಕಿವೆ. 28 ಮತ್ತು 105ರ ಅಪರ್ಚರ್ ರಿಂಗಿನ (ಬೆಳಕು ಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಉಂಗುರದ) ಮೇಲೆ ಸಂಖ್ಯೆಗಳು ಎರಡು ಸಾಲಾಗಿವೆ, 50ರ ಮೇಲೆ ಒಂದೇ ಸಾಲಿದೆ. 28ರ ಒಳಗೆ ಜೇಡರ ಬಲೆಯಂತಹ ಎಳೆಗಳು ಕಾಣುತ್ತವೆ. ಈ ಲೆನ್ಸ್‌ಗಳಿಂದಲೇ ಫೋಟೊ ತೆಗೆಯಬೇಕೆಂಬ ಆಸೆಯಿಂದ ಒಂದು ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ) ಕೊಳ್ಳಬೇಕೆಂದಿದ್ದೇನೆ. ಅಂಗಡಿಯವರು ನಿಕಾನ್ ಲೆನ್ಸ್‌ಗೆ ಯಾವ ನಿಕಾನ್ ಆದರೂ ಆಗುತ್ತದೆ ಎನ್ನುತ್ತಾರೆ. ನಾನು ತೆಗೆಯುವುದು ಹೆಚ್ಚಾಗಿ ಮನುಷ್ಯರ ಮುಖಗಳು, ಜಾತ್ರೆ, ಪರಿಷೆ, ಲಾಲ್‌ಬಾಗಿನ ಹೂವು. ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾಹಿತಿ ಎಂದರೆ ಅಪರ್ಚರ್ ಸಂಖ್ಯೆಗಳು ಒಂದು ಸಾಲೋ ಎರಡು ಸಾಲೋ ಎಂಬುದು. ಅದನ್ನು ನೀವಾಗಿಯೇ ಗಮನಿಸಿ ಬರೆದದ್ದರಿಂದ ಒಂದು ದೊಡ್ಡ ಅನಾಹುತ ತಪ್ಪಿದಂತಾಯಿತು. ನಿಕಾನ್ ಲೆನ್ಸ್‌ಗೆ ಯಾವ ನಿಕಾನ್ ಆದರೂ ಆಗುತ್ತದೆ ಎಂಬ ಮಾತು ನಿಮ್ಮ 50 ಮಿ.ಮೀ. ಲೆನ್ಸ್‌ನ ವಿಷಯದಲ್ಲಿ ನಿಜವಲ್ಲ. ಆ ಮಾತನ್ನು ನಂಬಿ ಲೆನ್ಸನ್ನು ಒತ್ತಿ ತಿರುಗಿಸಿದರೆ ಕೊಂಡ ದಿನವೇ ಕ್ಯಾಮೆರಾ ಹಾಳಾಗಬಹುದು.

ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕೂ ಲೆನ್ಸ್‌ಗಳನ್ನು ಬಳಸಬೇಕೆಂಬುದು ನಿಮ್ಮ ಇಚ್ಛೆಯಾದರೆ ಕೆನಾನ್ ಇಒಎಸ್ 6ಡಿ, ಅಥವಾ ಅದಕ್ಕಿಂತ ಹಳೆಯದಾದ 5ಡಿ ಮಾರ್ಕ್ 2, ಇವೆರಡರಲ್ಲಿ ಒಳ್ಳೆಯ ಸ್ಥಿತಿಯಲ್ಲಿರುವ ಒಂದನ್ನು ಎರಡು ಬಗೆಯ ಅಡಾಪ್ಟರ್‌ಗಳ ಜೊತೆಗೆ ಕೊಳ್ಳಿ. ಹೀಲಿಯೋಸನ್ನು ಬದಿಗಿಟ್ಟು ಮೂರು ನಿಕ್ಕಾರ್‌ಗಳಷ್ಟೇ ಸಾಕು ಎನಿಸಿದರೆ ನಿಕಾನ್ ಡಿ700 ಕೊಳ್ಳಿ. ಆದರೆ 50 ಮಿ.ಮೀ. ಲೆನ್ಸ್‌ನ ರಿಂಗನ್ನು ತಿದ್ದಿಸುವವರೆಗೆ ಅದನ್ನು ಆ ಕ್ಯಾಮೆರಾಕ್ಕೆ ಹಾಕಬೇಡಿ. ನಿಕಾನ್ ಲೆನ್ಸ್‌ಗಳಿಗೆ ಕೆನಾನ್ ಕ್ಯಾಮೆರಾ ಏಕೆ ಎಂದು ನಿಮಗೆ ಅಚ್ಚರಿಯಾಗಬಹುದು. ಕಾರಣ ಲೆನ್ಸ್‌ನ ಹಿಂಬದಿಯಲ್ಲಿದೆ.

ಪ್ರತಿಯೊಂದು ಲೆನ್ಸನ್ನೂ ಫಿಲ್ಮಿನಿಂದ ಇಂತಿಷ್ಟೇ ದೂರದಲ್ಲಿ ಕೂರಬೇಕೆಂದು ಲೆಕ್ಕ ಹಾಕಿ ಮಾಡಿರುತ್ತಾರೆ. ಕ್ಯಾಮೆರಾದ ಮೇಲೆ ಲೆನ್ಸ್ ಕೂರುವ ಲೋಹದ ಉಂಗುರದ, ಅಂದರೆ ಮೌಂಟಿನ, ಮುಖದಿಂದ ಫಿಲ್ಮ್ ಅಥವಾ ಸೆನ್ಸರಿನವರೆಗಿನ ಈ ಅಂತರವನ್ನು ಫ್ಲ್ಯಾಂಜ್ ದೂರ ಎನ್ನುತ್ತಾರೆ. ನಿಕಾನ್ ಎಫ್ ಮೌಂಟಿಗೆ ಇದು 46.5 ಮಿ.ಮೀ. ನಿಮ್ಮ ಹೀಲಿಯೋಸ್ ಇರುವುದು ಎಂ42 ಎಂಬ, 42 ಮಿ.ಮೀ. ವ್ಯಾಸದ ಸ್ಕ್ರೂ ಮೌಂಟಿನಲ್ಲಿ, ಅದಕ್ಕೆ 45.46 ಮಿ.ಮೀ. ಕೆನಾನಿನ ಇಎಫ್ ಮೌಂಟಿಗೆ 44 ಮಿ.ಮೀ. ಲೆನ್ಸ್‌ನ ಅಂತರ ಕ್ಯಾಮೆರಾದ ಅಂತರಕ್ಕಿಂತ ಹೆಚ್ಚಾಗಿದ್ದರೆ, ಉಳಿದ ಜಾಗವನ್ನು ಅಷ್ಟೇ ದಪ್ಪದ ಒಂದು ಲೋಹದ ಉಂಗುರದಿಂದ ತುಂಬಬಹುದು. ಅಡಾಪ್ಟರ್ ಎಂದರೆ ಅಷ್ಟೇ. ನಿಕ್ಕಾರನ್ನು ಕೆನಾನಿಗೆ ಹಾಕಲು ಎರಡೂವರೆ ಮಿ.ಮೀ., ಹೀಲಿಯೋಸನ್ನು ಹಾಕಲು ಸುಮಾರು ಒಂದೂವರೆ ಮಿ.ಮೀ. ಜಾಗ ಸಿಗುತ್ತದೆ. ತೆಳುವಾದ ಉಂಗುರಕ್ಕೆ ಅದು ಸಾಕು.

ಇದರ ತಿರುವು ಮುರುವಾದಾಗ ಏನಾಗುತ್ತದೆ ಎಂಬುದನ್ನು ಲೆಕ್ಕದಿಂದಲೇ ನೋಡಿ. ಹೀಲಿಯೋಸನ್ನು ನಿಕಾನಿಗೆ ಹಾಕಿದರೆ ಲೆನ್ಸ್ ತಾನಿರಬೇಕಾದ ಜಾಗಕ್ಕಿಂತ ಒಂದು ಮಿ.ಮೀ.ಗೂ ತುಸು ಹೆಚ್ಚು ಮುಂದೆ ಕೂರುತ್ತದೆ. ಒಂದು ಮಿಲಿಮೀಟರಿನಿಂದ ಏನಾದೀತು ಎಂದು ತೋರಬಹುದು. ಹೀಲಿಯೋಸಿನಂತಹ 58 ಮಿ.ಮೀ. ಫೋಕಲ್ ಲೆಂತ್‌ನ ಲೆನ್ಸ್ ಅಷ್ಟು ಮುಂದೆ ಬಂದರೆ ಅದು ಫೋಕಸ್ ಮಾಡಬಲ್ಲ ಅತಿ ದೂರದ ವಸ್ತು ಸುಮಾರು ಮೂರೂಕಾಲು ಮೀಟರಿನಾಚೆ ಇರುವಂತಿಲ್ಲ; ಉಂಗುರದ ಸ್ವಂತ ದಪ್ಪವೂ ಸೇರಿದರೆ ಈ ಮಿತಿ ಇನ್ನೂ ಕುಗ್ಗಿ ಎರಡು ಮೀಟರಿನೊಳಗೆ ಬರುತ್ತದೆ. ಲಾಲ್‌ಬಾಗಿನ ಗುಲಾಬಿಯನ್ನು ಹತ್ತಿರದಿಂದ ತೆಗೆಯಬಹುದು, ಗಾಜಿನ ಮನೆಯನ್ನು ತೆಗೆಯಲಾಗದು. ಈ ಕೊರತೆಯನ್ನು ತುಂಬಲು ಒಳಗೆ ಚಿಕ್ಕ ಗಾಜನ್ನು ಕೂರಿಸಿದ ಅಡಾಪ್ಟರ್‌ಗಳೂ ಮಾರಾಟಕ್ಕಿವೆ. ಅವು ದೂರದ ಫೋಕಸನ್ನು ಮರಳಿ ಕೊಡುತ್ತವೆ, ಆದರೆ ಅಪರ್ಚರ್ ಪೂರ್ತಿ ತೆರೆದಾಗ ಚಿತ್ರವನ್ನು ಮಬ್ಬಾಗಿಸುತ್ತವೆ. ಹೀಲಿಯೋಸನ್ನು ಇಷ್ಟಪಡುವವರು ಅದನ್ನು ಬಳಸುವುದೇ ಅಪರ್ಚರ್ ತೆರೆದಾಗ ಹಿನ್ನೆಲೆ ಸುಳಿಸುಳಿಯಾಗಿ ಕರಗುವ ಆ ನೋಟಕ್ಕಾಗಿ. ಅದರ ಹಿಂದೆ ಅಗ್ಗದ ಗಾಜೊಂದನ್ನು ಇಡುವುದು ನನಗೆ ಒಪ್ಪಿಗೆಯಿಲ್ಲ.

ಈಗ ನಿಮ್ಮ 50 ಮಿ.ಮೀ. ನಿಕ್ಕಾರಿನ ವಿಷಯ. ನಿಕಾನ್ ಎಫ್ ಮೌಂಟ್ 1959ರಲ್ಲಿ ಬಂತು. ಆಗಿನ ಲೆನ್ಸ್‌ಗಳ ಅಪರ್ಚರ್ ರಿಂಗಿನ ಮೇಲೆ ಲೋಹದ ಒಂದು ಕವಲು ಎದ್ದು ನಿಂತಿರುತ್ತಿತ್ತು. ಬಳಕೆದಾರರು ಅದನ್ನು ಮೊಲದ ಕಿವಿ ಎಂದು ಕರೆಯುತ್ತಾರೆ. ಯಾವ ಅಪರ್ಚರ್ ಇಟ್ಟಿದೆ ಎಂಬುದು ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರಿಗೆ ತಿಳಿಯುತ್ತಿದ್ದುದು ಆ ಕಿವಿಯ ಮೂಲಕ. 1977ರಲ್ಲಿ ನಿಕಾನ್ ಕಂಪನಿ ಎಐ, ಅಂದರೆ ಆಟೊಮ್ಯಾಟಿಕ್ ಇಂಡೆಕ್ಸಿಂಗ್ ಎಂಬ ಹೊಸ ವ್ಯವಸ್ಥೆಯನ್ನು ತಂದಿತು. ಅಪರ್ಚರ್ ರಿಂಗಿನ ಹಿಂದಿನ ಅಂಚನ್ನು ಒಂದು ಕಡೆ ಕೊರೆದು ಮೆಟ್ಟಿಲಿನಂತೆ ಮಾಡಿದರು. ಕ್ಯಾಮೆರಾದ ಮೌಂಟಿನ ಸುತ್ತ ತಿರುಗುವ ತೆಳು ಉಂಗುರದಲ್ಲಿ ಹೆಸರುಕಾಳಿನಷ್ಟು ಚಿಕ್ಕ ಮೊಳೆಯೊಂದನ್ನು ಇಟ್ಟರು. ಲೆನ್ಸ್ ಕೂತಾಗ ಆ ಮೆಟ್ಟಿಲು ಈ ಮೊಳೆಯನ್ನು ತಳ್ಳುತ್ತದೆ, ಕ್ಯಾಮೆರಾಕ್ಕೆ ಅಪರ್ಚರ್ ತಿಳಿಯುತ್ತದೆ. 1977ಕ್ಕಿಂತ ಹಿಂದಿನ ಲೆನ್ಸ್‌ಗಳಲ್ಲಿ ಈ ಮೆಟ್ಟಿಲು ಇಲ್ಲ, ಅಂಚು ಸುತ್ತಲೂ ಪೂರ್ತಿ ಇದೆ. ಅಂತಹ ಲೆನ್ಸನ್ನು ಮೊಳೆ ಇರುವ ಕ್ಯಾಮೆರಾಕ್ಕೆ ಹಾಕಿದರೆ ಅಂಚು ನೇರವಾಗಿ ಮೊಳೆಯ ಮೇಲೆ ಬಂದು ಕೂರುತ್ತದೆ.

ಹಲವು ವರ್ಷಗಳ ಹಿಂದೆ ಸ್ನೇಹಿತರೊಬ್ಬರು ನನ್ನೆದುರೇ ಹೀಗೆ ಮಾಡಿದ್ದನ್ನು ಕಂಡಿದ್ದೇನೆ. ಲೆನ್ಸ್ ಅರ್ಧ ತಿರುಗಿ ಬಿಗಿಯಾಯಿತು. ಹಳೆಯದಲ್ಲವೇ, ಸ್ವಲ್ಪ ಬಿಗಿ ಇರುತ್ತದೆ ಎಂದುಕೊಂಡು ಅವರು ಇನ್ನಷ್ಟು ಬಲ ಹಾಕಿದರು. ಉಗುರು ಮುರಿದಷ್ಟೇ ಸಣ್ಣ ಸದ್ದಾಯಿತು. ಲೆನ್ಸ್ ತೆಗೆದು ನೋಡಿದಾಗ ಮೊಳೆ ವಾಲಿ ನಿಂತಿತ್ತು, ಉಂಗುರ ತನ್ನ ಜಾಗಕ್ಕೆ ಮರಳುತ್ತಿರಲಿಲ್ಲ. ಅಲ್ಲಿಂದ ಮುಂದೆ ಆ ಕ್ಯಾಮೆರಾದಲ್ಲಿ ಒಳ್ಳೆಯ ಎಐ ಲೆನ್ಸ್‌ಗಳಿಗೂ ಸರಿಯಾದ ಮೀಟರಿಂಗ್ ಸಿಗಲಿಲ್ಲ. ಆದ್ದರಿಂದ ಈ ಸಂಗತಿಯನ್ನು ನಾನು ಪ್ರತಿ ಬಾರಿಯೂ ಒತ್ತಿ ಹೇಳುತ್ತೇನೆ.

ನಿಮ್ಮ 28 ಮತ್ತು 105ರ ಮೇಲಿನ ಎರಡನೆಯ, ಸಣ್ಣ ಸಂಖ್ಯೆಗಳ ಸಾಲು ಎಐ ಲೆನ್ಸ್‌ನ ಗುರುತು. ಅವುಗಳ ಕಿವಿಯಲ್ಲಿ ಎರಡು ತೂತುಗಳೂ ಇರಬೇಕು, ನೋಡಿ. ಆ ಸಣ್ಣ ಸಂಖ್ಯೆಗಳ ಮೇಲೆ ಬೆಳಕು ಬಿದ್ದು ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಓದಲು ಸಿಗಲಿ ಎಂದು ಹಾಗೆ ತೂತು ಮಾಡಿದ್ದಾರೆ. ಒಂದೇ ಸಾಲಿರುವ 50 ಎಐಗಿಂತ ಹಿಂದಿನದು. ಹಾಗಿದ್ದರೆ ನಿಮ್ಮ ಮಾವನವರು ಒಂದೇ ಕ್ಯಾಮೆರಾದಲ್ಲಿ ಮೂರನ್ನೂ ಹೇಗೆ ಬಳಸುತ್ತಿದ್ದರು ಎಂದು ಕೇಳಬಹುದು. 1977ರಲ್ಲಿ ಬಂದ ಎಫ್‌ಎಂನಲ್ಲಿ ಆ ಮೊಳೆಯನ್ನು ಮೇಲಕ್ಕೆ ಮಡಚಿಡುವ ಅನುಕೂಲವಿತ್ತು. ಮುಂದೆ ಬಂದ ಎಫ್‌ಎಂ2ರಲ್ಲಿ ಅದನ್ನು ತೆಗೆದುಹಾಕಿದರು. ಡಿಎಸ್‌ಎಲ್‌ಆರ್‌ಗಳ ಪೈಕಿ ಮಡಚುವ ಮೊಳೆ ಇರುವುದು 2013ರ ನಿಕಾನ್ ಡಿಎಫ್‌ನಲ್ಲಿ ಮಾತ್ರ. ಅದು ಬಹಳ ಚೆಂದದ ಕ್ಯಾಮೆರಾ, ಆದರೆ ಹಳೆಯದಾಗಿ ಸಿಗುವುದು ಅಪರೂಪ, ಸಿಕ್ಕರೂ ಬೆಲೆ ಇಳಿದಿರುವುದಿಲ್ಲ.

ಮಿಕ್ಕ ನಿಕಾನ್‌ಗಳನ್ನು ನಿಮ್ಮ ಉದ್ದೇಶದ ಮಟ್ಟಿಗೆ ಎರಡು ಗುಂಪಾಗಿ ನೋಡಬೇಕು. ಡಿ200, ಡಿ300, ಡಿ700, ಡಿ7000, ಡಿ7100, ಡಿ7200, ಡಿ610, ಡಿ750, ಡಿ800 ಮೊದಲಾದವುಗಳಲ್ಲಿ ಎಐ ಮೊಳೆ ಇದೆ. ಇವುಗಳ ಮೆನುವಿನಲ್ಲಿ ಲೆನ್ಸ್‌ನ ಫೋಕಲ್ ಲೆಂತ್ ಮತ್ತು ಗರಿಷ್ಠ ಅಪರ್ಚರನ್ನು ಒಮ್ಮೆ ದಾಖಲಿಸಿದರೆ 28 ಮತ್ತು 105 ಎರಡೂ ಅಪರ್ಚರ್ ಪ್ರಯಾರಿಟಿಯಲ್ಲಿ (ಅಪರ್ಚರ್ ನೀವು ಇಟ್ಟರೆ ಶಟರ್ ವೇಗವನ್ನು ಕ್ಯಾಮೆರಾ ಆರಿಸುವ ಮೋಡಿನಲ್ಲಿ) ಸರಿಯಾದ ಮೀಟರಿಂಗ್‌ನೊಂದಿಗೆ ಕೆಲಸ ಮಾಡುತ್ತವೆ, ಇಟ್ಟ ಅಪರ್ಚರ್ ಚಿತ್ರದ ಮಾಹಿತಿಯಲ್ಲೂ ದಾಖಲಾಗುತ್ತದೆ. ಎರಡನೆಯ ಗುಂಪು ಡಿ40, ಡಿ60 ಮತ್ತು ಡಿ3000, ಡಿ5000 ಸರಣಿಯ ಚಿಕ್ಕ ಕ್ಯಾಮೆರಾಗಳದ್ದು. ಇವುಗಳಲ್ಲಿ ಮೊಳೆಯೇ ಇಲ್ಲದಿರುವುದರಿಂದ ನಿಮ್ಮ 50 ಕೂಡ ಅಪಾಯವಿಲ್ಲದೆ ಕೂರುತ್ತದೆ. ಆದರೆ ಯಾವ ಮ್ಯಾನುಯಲ್ ಲೆನ್ಸ್‌ಗೂ ಮೀಟರಿಂಗ್ ಇರುವುದಿಲ್ಲ, ಎಲ್ಲವನ್ನೂ ಕೈಯಿಂದಲೇ ಹೊಂದಿಸುವ ಎಂ ಮೋಡಿನಲ್ಲಿಟ್ಟು ಒಂದು ಚಿತ್ರ ತೆಗೆದು, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನೋಡಿ ತಿದ್ದಿಕೊಳ್ಳಬೇಕು. ಅಂಗಡಿಯಲ್ಲಿ ಡಿ7500 ತೋರಿಸಿದರೆ ಎಚ್ಚರವಿರಲಿ. ಹೆಸರಿನಲ್ಲಿ ಡಿ7200ರ ಮುಂದಿನದಾದರೂ ಅದರಲ್ಲಿ ಎಐ ಮೊಳೆಯನ್ನು ಕೈಬಿಟ್ಟಿದ್ದಾರೆ, ಆದ್ದರಿಂದ ಹಳೆಯ ಲೆನ್ಸ್‌ಗಳಿಗೆ ಅದರಲ್ಲಿ ಮೀಟರಿಂಗ್ ಇಲ್ಲ.

ಹಳೆಯ ರಿಂಗಿನ ಅಂಚನ್ನು ಅರದಿಂದ ಉಜ್ಜಿ ಎಐ ಆಗಿ ಮಾರ್ಪಡಿಸುವ ಕೆಲಸವನ್ನು ನುರಿತ ಮೆಕ್ಯಾನಿಕ್‌ಗಳು ಮಾಡುತ್ತಾರೆ. ಅದು ನಡೆಯುವ ಕೆಲಸವೇ. ಆದರೂ ಮಾವನವರ ನೆನಪಾಗಿ ಉಳಿದಿರುವ ಲೆನ್ಸನ್ನು ಉಜ್ಜಿಸುವುದಕ್ಕಿಂತ, ಉಜ್ಜುವ ಅಗತ್ಯವೇ ಇಲ್ಲದ ಕ್ಯಾಮೆರಾ ಹುಡುಕುವುದು ಮೇಲೆಂದು ನನಗನಿಸುತ್ತದೆ. ಕೆನಾನ್ ಮೌಂಟಿನಲ್ಲಿ ಅಂತಹ ಮೊಳೆ ಇಲ್ಲ. ನಿಮ್ಮ ನಾಲ್ಕು ಲೆನ್ಸ್‌ಗಳಿಗೆ ನಾನು ಕೆನಾನ್ ಸೂಚಿಸಲು ಇದು ಎರಡನೆಯ ಕಾರಣ.

ಕೆನಾನಿನಲ್ಲಿ ನೀವು ಬಿಟ್ಟುಕೊಡಬೇಕಾದದ್ದೂ ಒಂದಿದೆ. ನಿಕಾನ್ ಮೇಲೆ ನಿಕ್ಕಾರ್ ಲೆನ್ಸ್ ಯಾವಾಗಲೂ ಪೂರ್ತಿ ತೆರೆದಿರುತ್ತದೆ. ರಿಂಗನ್ನು ಎಫ್/8ರಂತಹ ಕಿರಿದಾದ ಅಪರ್ಚರಿಗೆ ಇಟ್ಟಿದ್ದರೂ ವ್ಯೂಫೈಂಡರ್ ಬೆಳಕಾಗಿಯೇ ಇದ್ದು, ಬಟನ್ ಒತ್ತಿದ ಕ್ಷಣದಲ್ಲಿ ಮಾತ್ರ ಅಪರ್ಚರ್ ಕಿರಿದಾಗುತ್ತದೆ. ಅಡಾಪ್ಟರಿನಲ್ಲಿ ಆ ಕೊಂಡಿ ತಪ್ಪುತ್ತದೆ. ನೀವು ರಿಂಗ್ ತಿರುಗಿಸಿದಷ್ಟೂ ಕಣ್ಣೆದುರಿನ ಚಿತ್ರ ಕತ್ತಲಾಗುತ್ತ ಹೋಗುತ್ತದೆ. ಎವಿ ಮೋಡಿನಲ್ಲಿ, ಅಂದರೆ ಕೆನಾನಿನ ಅಪರ್ಚರ್ ಪ್ರಯಾರಿಟಿಯಲ್ಲಿ, ಕ್ಯಾಮೆರಾ ಅದಕ್ಕೆ ತಕ್ಕಂತೆ ಶಟರ್ ವೇಗವನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಅಪರ್ಚರ್ ಜಾಗದಲ್ಲಿ 00 ಎಂದು ತೋರಿಸುತ್ತದೆ. ಮುಖಗಳನ್ನು ಎಫ್/2, ಎಫ್/2.8ರಲ್ಲಿ ತೆಗೆಯುವವರಿಗೆ ಇದು ತೊಡಕೇ ಅಲ್ಲ. ಎಫ್/8, ಎಫ್/11ರಲ್ಲಿ ಕಟ್ಟಡಗಳನ್ನು ತೆಗೆಯುವವರು ತೆರೆದು ಫೋಕಸ್ ಮಾಡಿ, ಮುಚ್ಚಿ, ಆಮೇಲೆ ಕ್ಲಿಕ್ ಮಾಡಬೇಕು. ಹೀಲಿಯೋಸ್ 44-2ರ ವಿನ್ಯಾಸವೇ ಇದಕ್ಕೆ ಒಪ್ಪುವಂಥದ್ದು. ಅದರಲ್ಲಿ ಎರಡು ರಿಂಗ್‌ಗಳಿವೆ. ಒಂದರಲ್ಲಿ ಬೇಕಾದ ಅಪರ್ಚರನ್ನು ಗೊತ್ತುಮಾಡಿಟ್ಟು, ಇನ್ನೊಂದನ್ನು ತೆರೆದು ಫೋಕಸ್ ಮಾಡಿ, ಕಣ್ಣು ತೆಗೆಯದೆಯೇ ತಡೆಯುವವರೆಗೆ ತಿರುಗಿಸಿದರೆ ಸಾಕು.

ಇನ್ನೊಂದು ಎಚ್ಚರಿಕೆ. ಕೆನಾನಿನ ಫುಲ್ ಫ್ರೇಮ್, ಅಂದರೆ ಹಳೆಯ 35 ಮಿ.ಮೀ. ಫಿಲ್ಮಿನ ಚಿತ್ರದಷ್ಟೇ ದೊಡ್ಡ ಸೆನ್ಸರಿನ, ಕ್ಯಾಮೆರಾಗಳ ಕನ್ನಡಿ ದೊಡ್ಡದು. ಹಿಂಬದಿಯ ಗಾಜು ಚಾಚಿಕೊಂಡಿರುವ ಕೆಲವು ಹಳೆಯ ಲೆನ್ಸ್‌ಗಳು ಇನ್‌ಫಿನಿಟಿಗೆ, ಅಂದರೆ ಅತಿ ದೂರದ ಫೋಕಸ್‌ಗೆ, ಬಂದಾಗ ಮೇಲೇಳುವ ಕನ್ನಡಿ ಅವುಗಳಿಗೆ ತಾಗುತ್ತದೆ. ಆದ್ದರಿಂದ ಯಾವ ಲೆನ್ಸನ್ನೇ ಆಗಲಿ ಮೊದಲ ಸಲ ಹಾಕಿದಾಗ ಅತಿ ಹತ್ತಿರದ ಫೋಕಸ್‌ನಲ್ಲಿಟ್ಟು ಒಂದು ಚಿತ್ರ ತೆಗೆಯಿರಿ; ಆಮೇಲೆ ಹಂತ ಹಂತವಾಗಿ ದೂರಕ್ಕೆ ತರುತ್ತ, ಪ್ರತಿ ಹಂತದಲ್ಲೂ ಸದ್ದು ಬದಲಾಯಿತೇ, ಕನ್ನಡಿ ಅರ್ಧಕ್ಕೆ ನಿಂತಿತೇ ಎಂದು ಗಮನಿಸಿ. ಹಾಗೆಯೇ 50ರ ಹಳೆಯ ರಿಂಗ್ ಅಡಾಪ್ಟರಿಗೆ ಎಲ್ಲಿಯೂ ಉಜ್ಜದೆ ಸಲೀಸಾಗಿ ತಿರುಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಪೆಂಟ್ಯಾಕ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು ಹೇಳುವುದು ನ್ಯಾಯ. ಮಾವನವರ ಟ್ರಂಕಿನಲ್ಲಿ ಪೆಂಟ್ಯಾಕ್ಸ್ ಲೆನ್ಸ್‌ಗಳಿದ್ದಿದ್ದರೆ ನಾನು ಬೇರೆ ಯೋಚನೆಯನ್ನೇ ಮಾಡುತ್ತಿರಲಿಲ್ಲ. 1975ರಿಂದ ಬಂದ ಕೆ ಮೌಂಟಿನ ಲೆನ್ಸ್‌ಗಳು ಆ ಕಂಪನಿಯ ಡಿಎಸ್‌ಎಲ್‌ಆರ್‌ಗಳಿಗೆ ಕೂರುತ್ತವೆ. ಎಂ42ಕ್ಕೂ ಕೆ ಮೌಂಟಿಗೂ ಫ್ಲ್ಯಾಂಜ್ ದೂರ ಒಂದೇ ಆದ್ದರಿಂದ ಹೀಲಿಯೋಸ್ ಕೂಡ ಇನ್‌ಫಿನಿಟಿ ಸಹಿತ ಕೆಲಸ ಮಾಡುತ್ತದೆ. 2006ರ ಕೆ100ಡಿ, ಕೆ10ಡಿ ಕಾಲದಿಂದಲೇ ಕೈ ನಡುಕವನ್ನು ತಡೆಯುವ ವ್ಯವಸ್ಥೆ ಕ್ಯಾಮೆರಾದೊಳಗೇ ಇರುವುದರಿಂದ ಐವತ್ತು ವರ್ಷದ ಲೆನ್ಸ್‌ಗೂ ಅದರ ಲಾಭ ಸಿಗುತ್ತದೆ. ಆದರೆ ನಿಮ್ಮ ನಾಲ್ಕರಲ್ಲಿ ಮೂರು ನಿಕ್ಕಾರ್‌ಗಳು. ಅವು ಅಲ್ಲಿ ಹೊಂದುವುದಿಲ್ಲ.

ಇಷ್ಟು ಮೌಂಟಿನ ಮಾತಾಯಿತು. ಇನ್ನು ಹೇಳುವುದು ಅದಕ್ಕಿಂತಲೂ ಹೆಚ್ಚು ಮುಖ್ಯ, ಏಕೆಂದರೆ ಲೆನ್ಸ್ ಕೂತ ಮಾತ್ರಕ್ಕೆ ಚಿತ್ರ ಬರುವುದಿಲ್ಲ. ಫೋಕಸ್ ಮಾಡಬೇಕಾದವರು ನೀವು, ನೋಡಬೇಕಾದದ್ದು ವ್ಯೂಫೈಂಡರಿನಲ್ಲಿ. ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳುವ ಮೊದಲು ವ್ಯೂಫೈಂಡರ್ ಎಷ್ಟು ದೊಡ್ಡದು ಎಂದು ಕೇಳಬೇಕು. ಮಾವನವರ ಎಫ್‌ಎಂ ಕ್ಯಾಮೆರಾವನ್ನೊಮ್ಮೆ ಕಣ್ಣಿಗಿಟ್ಟು ನೋಡಿ. ನಡುವೆ ಸೀಳಿದ ವೃತ್ತವಿದೆ, ಫೋಕಸ್ ತಪ್ಪಿದ್ದರೆ ಕಂಬವೊಂದು ಎರಡು ತುಂಡಾಗಿ ಕಾಣುತ್ತದೆ, ಸರಿಯಾದ ಕೂಡಲೇ ಒಂದಾಗುತ್ತದೆ. ಈಗ ಅದೇ 50 ಮಿ.ಮೀ. ಲೆನ್ಸ್‌ನಿಂದ ಚಿಕ್ಕ ಡಿಎಸ್‌ಎಲ್‌ಆರ್ ಒಂದರಲ್ಲಿ ನೋಡಿದರೆ ಉದ್ದದ ಓಣಿಯ ಕೊನೆಯಲ್ಲಿ ಒಂದು ಕಿಟಕಿ ಕಂಡಂತಿರುತ್ತದೆ, ಸೀಳು ವೃತ್ತವೂ ಇರುವುದಿಲ್ಲ.

50 ಮಿ.ಮೀ. ಲೆನ್ಸ್ ಹಾಕಿದಾಗ ವ್ಯೂಫೈಂಡರಿನಲ್ಲಿ ವಸ್ತು ಬರಿಗಣ್ಣಿಗೆ ಕಾಣುವುದರ ಎಷ್ಟು ಪಟ್ಟು ಕಾಣುತ್ತದೆ ಎಂದು ಇದನ್ನು ಅಂಕಿಗಳಲ್ಲೂ ಹೇಳಬಹುದು. ಫಿಲ್ಮ್ ಕಾಲದ ಪೆಂಟ್ಯಾಕ್ಸ್ ಕೆ1000ನ ವ್ಯೂಫೈಂಡರ್ 0.88 ಪಟ್ಟು, 1972ರ ಒಲಿಂಪಸ್ ಒಎಂ-1ರದ್ದು 0.92 ಪಟ್ಟು. ನಿಕಾನ್ ಡಿ700ರದ್ದು 0.72, ಕೆನಾನ್ 6ಡಿಯದ್ದು 0.71. ಚಿಕ್ಕ ಸೆನ್ಸರಿನ ಕ್ಯಾಮೆರಾಗಳ ಪಟ್ಟಿಯಲ್ಲಿ 0.95 ಎಂದೆಲ್ಲ ಬರೆದಿರುತ್ತಾರೆ, ಆದರೆ ಅದನ್ನು ಸೆನ್ಸರಿನ ಕ್ರಾಪ್‌ನಿಂದ, ಅಂದರೆ ಅದು ಫುಲ್ ಫ್ರೇಮ್‌ಗಿಂತ ಎಷ್ಟು ಪಟ್ಟು ಚಿಕ್ಕದೋ ಆ ಸಂಖ್ಯೆಯಿಂದ, ಭಾಗಿಸಿ ನೋಡಬೇಕು: ಡಿ7000ದ 0.95 ಅನ್ನು 1.5ರಿಂದ ಭಾಗಿಸಿದರೆ ಉಳಿಯುವುದು ಸುಮಾರು 0.63, ಕೆನಾನ್ 1200ಡಿಯ 0.8 ಅನ್ನು 1.6ರಿಂದ ಭಾಗಿಸಿದರೆ ಬರೀ 0.5. ಈ ಕೊನೆಯ ಕ್ಯಾಮೆರಾದಲ್ಲಿ ಗಾಜಿನ ಪ್ರಿಸ್ಮಿನ ಬದಲು ಕನ್ನಡಿಗಳ ಜೋಡಣೆ ಇರುವುದರಿಂದ ಬೆಳಕೂ ಕಡಿಮೆ. ನಿಮಗೆ 6ಡಿ, 5ಡಿ ಮಾರ್ಕ್ 2, ಡಿ700ರಂತಹ ಫುಲ್ ಫ್ರೇಮ್ ಕ್ಯಾಮೆರಾ ಎಂದು ಹೇಳುತ್ತಿರುವುದಕ್ಕೆ ವ್ಯೂಫೈಂಡರೇ ಮೊದಲ ಕಾರಣ. 50 ಮಿ.ಮೀ. ಲೆನ್ಸ್ ಚಿಕ್ಕ ಸೆನ್ಸರಿನ ಮೇಲೆ 75 ಅಥವಾ 80 ಮಿ.ಮೀ. ಲೆನ್ಸ್‌ನಂತೆ ವರ್ತಿಸುತ್ತದೆ, 28 ತನ್ನ ಅಗಲವನ್ನು ಕಳೆದುಕೊಳ್ಳುತ್ತದೆ ಎಂಬುದು ಅದರ ನಂತರದ ಮಾತು.

ಎಲ್ಲಿಯೂ ಬರೆದಿರದ ಇನ್ನೊಂದು ತೊಡಕಿದೆ. ಇಂದಿನ ಡಿಎಸ್‌ಎಲ್‌ಆರ್‌ಗಳಲ್ಲಿ ವ್ಯೂಫೈಂಡರಿನ ಚಿತ್ರ ಮೂಡುವ ಫೋಕಸಿಂಗ್ ಸ್ಕ್ರೀನನ್ನು ಎಫ್/3.5, ಎಫ್/5.6ರಂತಹ ಜೂಮ್ ಲೆನ್ಸ್‌ಗಳಲ್ಲೂ ಬೆಳಕಾಗಿ ಕಾಣಲಿ ಎಂದು ಮಾಡಿದ್ದಾರೆ. ಅದಕ್ಕೆ ತೆತ್ತ ಬೆಲೆ ಎಂದರೆ, ಸುಮಾರು ಎಫ್/2.8ಕ್ಕಿಂತ ಅಗಲವಾಗಿ ಬರುವ ಬೆಳಕು ಆ ಸ್ಕ್ರೀನಿನಲ್ಲಿ ಕಾಣುವುದೇ ಇಲ್ಲ. ಅಡಾಪ್ಟರಿನ ಮೇಲೆ ನಿಮ್ಮ 50 ಎಫ್/1.4 ಅನ್ನಿಟ್ಟು, ವ್ಯೂಫೈಂಡರಿನಲ್ಲಿ ನೋಡುತ್ತ, ರಿಂಗನ್ನು ಎಫ್/2.8ರಿಂದ ಎಫ್/1.4ಕ್ಕೆ ತಿರುಗಿಸಿ: ಬೆಳಕು ನಾಲ್ಕು ಪಟ್ಟು ಹೆಚ್ಚಬೇಕಿತ್ತು, ಆದರೆ ಹೆಚ್ಚುಕಡಿಮೆ ಏನೂ ಬದಲಾಗುವುದಿಲ್ಲ. ಇದರ ಪರಿಣಾಮ ಫೋಕಸ್ ಮೇಲೆ. ಒಂದು ಮೀಟರ್ ದೂರದಲ್ಲಿ ಎಫ್/1.4ರಲ್ಲಿ ಸ್ಪಷ್ಟವಾಗಿ ಬರುವುದು ಸುಮಾರು ಮೂರು ಸೆಂಟಿಮೀಟರ್ ಆಳ. ಸ್ಕ್ರೀನ್ ಮಾತ್ರ ಅದರ ಎರಡು ಪಟ್ಟು ಆಳವನ್ನು ಸ್ಪಷ್ಟವೆಂದು ತೋರಿಸುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಯಲ್ಲಿ ಸೇರಿನಲ್ಲಿ ಕಾಯಿ ಅಳೆದು ಸುರಿಯುವ ಅಜ್ಜಿಯ ಕಣ್ಣಿಗೆ ಫೋಕಸ್ ಮಾಡಿದೆನೆಂದು ನೀವು ಅಂದುಕೊಂಡಿರುತ್ತೀರಿ, ಮನೆಗೆ ಬಂದು ನೋಡಿದರೆ ಮೂಗುಬೊಟ್ಟು ಮಿನುಗುತ್ತಿರುತ್ತದೆ, ಕಣ್ಣು ಮಬ್ಬಾಗಿರುತ್ತದೆ. ಅದು ನಿಮ್ಮ ಕೈಯ ತಪ್ಪಲ್ಲ, ಸ್ಕ್ರೀನಿನ ಮಿತಿ.

ಇದಕ್ಕೆ ಪರಿಹಾರ ಸ್ಕ್ರೀನ್ ಬದಲಿಸುವುದು. ಮ್ಯಾನುಯಲ್ ಫೋಕಸಿಗೆಂದೇ ಕೆನಾನ್ ಕಂಪನಿ ಮಾಡಿದ ಇಜಿ-ಎಸ್ ಎಂಬ ಸ್ಕ್ರೀನನ್ನು 5ಡಿ ಮಾರ್ಕ್ 2 ಮತ್ತು 6ಡಿಗಳಿಗೆ ಬಳಕೆದಾರರೇ ಹಾಕಿಕೊಳ್ಳಬಹುದು. ಹಾಕಿದ ಮೇಲೆ ಮೆನುವಿನಲ್ಲಿ ಆ ಸ್ಕ್ರೀನಿನ ಹೆಸರನ್ನು ಆರಿಸಬೇಕು, ಇಲ್ಲವಾದರೆ ಮೀಟರಿಂಗ್ ತಪ್ಪುತ್ತದೆ. ಎಫ್/2.8 ಮತ್ತು ಅದಕ್ಕಿಂತ ಅಗಲವಾಗಿ ತೆರೆಯುವ ಲೆನ್ಸ್‌ಗಳಲ್ಲಿ ಇದು ಫೋಕಸನ್ನು ಎದ್ದು ಕಾಣುವಂತೆ ತೋರಿಸುತ್ತದೆ, ನಿಮ್ಮ 28 ಎಫ್/3.5ರಲ್ಲಿ ತುಸು ಕತ್ತಲೆನಿಸುತ್ತದೆ. 5ಡಿ ಮಾರ್ಕ್ 3 ಮತ್ತು 6ಡಿ ಮಾರ್ಕ್ 2ರಲ್ಲಿ ಸ್ಕ್ರೀನ್ ಬದಲಿಸುವ ಅವಕಾಶವನ್ನೇ ತೆಗೆದುಹಾಕಿದ್ದಾರೆ. ಹೊಸದೆಂಬ ಕಾರಣಕ್ಕೆ ಅವುಗಳತ್ತ ವಾಲಬೇಡಿ. ನಿಮ್ಮ ಕೆಲಸಕ್ಕೆ ಹಳೆಯದೇ ಒಳ್ಳೆಯದು.

ಲೈವ್ ವ್ಯೂ ಇನ್ನೊಂದು ದಾರಿ. ಪರದೆಯ ಮೇಲೆ ಚಿತ್ರವನ್ನು ಐದು ಅಥವಾ ಹತ್ತು ಪಟ್ಟು ಹಿಗ್ಗಿಸಿ ನೋಡಿದರೆ ಫೋಕಸ್ ಸೆನ್ಸರಿನ ಮೇಲೆಯೇ ತೀರ್ಮಾನವಾಗುವುದರಿಂದ ಅದಕ್ಕಿಂತ ನಿಖರವಾದದ್ದು ಇಲ್ಲ. ಟ್ರೈಪಾಡ್ ಮೇಲೆ ಹೂವು ತೆಗೆಯಲು ಅದನ್ನೇ ಬಳಸಿ. ಪರಿಷೆಯ ನೂಕುನುಗ್ಗಲಿನಲ್ಲಿ ಅದು ಆಗದು. 2005ರ ಮೊದಲ 5ಡಿಯಲ್ಲಿ ಲೈವ್ ವ್ಯೂ ಇಲ್ಲ, ಆದ್ದರಿಂದ ಎಷ್ಟು ಅಗ್ಗವಾಗಿ ಸಿಕ್ಕರೂ ಅದನ್ನು ನಾನು ಸೂಚಿಸುವುದಿಲ್ಲ. ನಿಕಾನ್ ಆದರೆ ವ್ಯೂಫೈಂಡರಿನ ಮೂಲೆಯಲ್ಲಿ ಫೋಕಸ್ ಸರಿಯಾದಾಗ ಹಸಿರು ಚುಕ್ಕೆ ಬೆಳಗುತ್ತದೆ. ಕೆನಾನಿಗೆ ಚಿಪ್ ಅಂಟಿಸಿದ ಅಡಾಪ್ಟರ್ ಕೊಂಡರೆ ಅಲ್ಲಿಯೂ ಫೋಕಸ್ ಪಾಯಿಂಟ್ ಮಿನುಗಿ ಸದ್ದು ಮಾಡುತ್ತದೆ. ಈ ಚುಕ್ಕೆ ಬೆಳಗುವುದು ಒಂದು ಬಿಂದುವಿನಲ್ಲಲ್ಲ, ಒಂದು ಚಿಕ್ಕ ವ್ಯಾಪ್ತಿಯಲ್ಲಿ. ಎಡದಿಂದ ತಿರುಗಿಸಿದಾಗ ಎಲ್ಲಿ ಹೊತ್ತಿತು, ಬಲದಿಂದ ತಿರುಗಿಸಿದಾಗ ಎಲ್ಲಿ ಹೊತ್ತಿತು ಎಂದು ನೋಡಿ ಅವೆರಡರ ನಡುವೆ ನಿಲ್ಲಿಸುವುದನ್ನು ಅಭ್ಯಾಸ ಮಾಡಿಕೊಂಡರೆ ಫಲಿತಾಂಶ ಬಹಳಷ್ಟು ಸುಧಾರಿಸುತ್ತದೆ.

ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಇರುವಾಗ ಡಿಎಸ್‌ಎಲ್‌ಆರ್ ಏಕೆ ಎಂದು ಯಾರಾದರೂ ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಸೋನಿ ಇ ಮೌಂಟಿನ ಫ್ಲ್ಯಾಂಜ್ ದೂರ 18 ಮಿ.ಮೀ. ಮಾತ್ರ, ನಿಕಾನ್ ಜೆಡ್‌ನದ್ದು 16. ಅವುಗಳಿಗೆ ಹೆಚ್ಚುಕಡಿಮೆ ಯಾವ ಹಳೆಯ ಎಸ್‌ಎಲ್‌ಆರ್ ಲೆನ್ಸನ್ನಾದರೂ ಹಾಕಬಹುದು. ಟ್ರಂಕಿನಲ್ಲಿ ಕೆನಾನ್ ಎಫ್‌ಡಿ ಅಥವಾ ಮಿನೋಲ್ಟಾ ಲೆನ್ಸ್‌ಗಳಿದ್ದಿದ್ದರೆ ನಾನೇ ಆ ದಾರಿ ತೋರಿಸುತ್ತಿದ್ದೆ. ಎಫ್‌ಡಿಯ ಅಂತರ 42 ಮಿ.ಮೀ. ಆಗಿರುವುದರಿಂದ ಸ್ವತಃ ಕೆನಾನ್ ಡಿಎಸ್‌ಎಲ್‌ಆರ್‌ಗಳಿಗೇ ಅದು ಹೊಂದುವುದಿಲ್ಲ. ನಿಮ್ಮ ನಾಲ್ಕಕ್ಕೆ ಆ ಇಕ್ಕಟ್ಟಿಲ್ಲ. ಗಾಜಿನ ಮೂಲಕ ನೇರವಾಗಿ ನೋಡಿ, ಕೈಯಿಂದ ರಿಂಗ್ ತಿರುಗಿಸಿ, ಕನ್ನಡಿ ಏಳುವ ಸದ್ದು ಕೇಳಿ ಚಿತ್ರ ತೆಗೆಯುವುದರಲ್ಲಿ ನಿಮಗೆ ಸಂತೋಷವಿದ್ದರೆ ಡಿಎಸ್‌ಎಲ್‌ಆರ್ ಸರಿಯಾದ ಆಯ್ಕೆಯೇ.

ಕೊಳ್ಳಲು ಹೋಗುವಾಗ 105 ಮತ್ತು ಹೀಲಿಯೋಸನ್ನು ಅಡಾಪ್ಟರ್‌ಗಳ ಸಮೇತ ಜೊತೆಗೆ ಒಯ್ಯಿರಿ. ಅಂಗಡಿಯ ಟೇಬಲ್ ಮೇಲೆ ಪತ್ರಿಕೆಯ ಹಾಳೆಯೊಂದನ್ನು ಹರಡಿ, ಓರೆಯಾಗಿ ನಿಂತು, ನಡುವಿನ ಒಂದು ಸಾಲಿಗೆ ವ್ಯೂಫೈಂಡರಿನಲ್ಲಿ ಫೋಕಸ್ ಮಾಡಿ 105ರಿಂದ ಎಫ್/2.5ರಲ್ಲಿ ಐದಾರು ಚಿತ್ರ ತೆಗೆಯಿರಿ. ಪ್ರತಿ ಬಾರಿಯೂ ನೀವು ಗುರಿಯಿಟ್ಟ ಸಾಲಿಗಿಂತ ಹಿಂದಿನ ಅಥವಾ ಮುಂದಿನ ಸಾಲೇ ಸ್ಪಷ್ಟವಾಗಿದ್ದರೆ ಆ ಕ್ಯಾಮೆರಾದ ಸ್ಕ್ರೀನ್ ಅಥವಾ ಕನ್ನಡಿ ತನ್ನ ಜಾಗದಲ್ಲಿಲ್ಲ ಎಂದರ್ಥ, ಅದನ್ನು ಬಿಟ್ಟುಬಿಡಿ. ಇದನ್ನು ಮಾಡುವ ಮೊದಲು ವ್ಯೂಫೈಂಡರಿನ ಪಕ್ಕದ ಡಯಾಪ್ಟರ್ ತಿರುಪನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕು, ಇಲ್ಲವಾದರೆ ಪರೀಕ್ಷೆಗೇ ಅರ್ಥವಿಲ್ಲ. ಹೊರಗೆ ಬಂದು ಎಫ್/16ರಲ್ಲಿ ಆಕಾಶದ ಒಂದು ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು, ಗೀರು ಕಾಣುತ್ತವೆ. ಅಡಾಪ್ಟರಿನ ದಪ್ಪ ಸರಿಯಿದೆಯೇ ಎಂದು ತಿಳಿಯಲು ಒಂದು ಬೆಳಿಗ್ಗೆ ಲಾಲ್‌ಬಾಗ್ ಬಂಡೆಯ ಮೇಲೆ ನಿಂತು ದೂರದ ಕಟ್ಟಡವೊಂದಕ್ಕೆ ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ನೋಡಿ. ರಿಂಗ್ ಇನ್‌ಫಿನಿಟಿಗೆ ಮುಟ್ಟಿದ ಮೇಲೂ ಕಟ್ಟಡ ಮಬ್ಬಾಗಿದ್ದರೆ ಅಡಾಪ್ಟರ್ ದಪ್ಪವಾಗಿದೆ, ಬೇರೆಯದನ್ನು ತನ್ನಿ.

ಕೊನೆಗೆ 28ರೊಳಗಿನ ಜೇಡರ ಬಲೆ. ಅದು ಬೂಷ್ಟು, ಅಂಗಡಿಯವರ ಮಾತಿನಲ್ಲಿ ಫಂಗಸ್. ಬೆಂಗಳೂರಿನ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ, ಮುಚ್ಚಿದ ಟ್ರಂಕಿನಲ್ಲಿ ವರ್ಷಗಟ್ಟಲೆ ಇದ್ದ ಲೆನ್ಸ್‌ಗೆ ಅದು ಬಾರದಿದ್ದರೆ ಆಶ್ಚರ್ಯ. ಕತ್ತಲೆ ಕೋಣೆಯಲ್ಲಿ ಅಪರ್ಚರ್ ತೆರೆದು ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ ನಾಲ್ಕನ್ನೂ ನೋಡಿ. ಜೊತೆಗೆ ಅಪರ್ಚರಿನ ಎಲೆಗಳ ಮೇಲೆ ಎಣ್ಣೆಯ ಹೊಳಪಿದೆಯೇ ಎಂಬುದನ್ನೂ ಗಮನಿಸಿ. ಬೂಷ್ಟು ಎಳೆಯದಾಗಿದ್ದು ಮುಂದಿನ ಅಥವಾ ಹಿಂದಿನ ಗಾಜಿನ ಮೇಲಷ್ಟೇ ಇದ್ದರೆ ಬಿಚ್ಚಿ ಒರೆಸಿದಾಗ ಹೋಗುತ್ತದೆ. ಬಹುಕಾಲದಿಂದಿದ್ದು ಗಾಜಿನ ಲೇಪವನ್ನು ತಿಂದಿದ್ದರೆ ಕಲೆ ಉಳಿಯುತ್ತದೆ, ಬೆಳಕಿಗೆದುರಾಗಿ ತೆಗೆದ ಚಿತ್ರಗಳು ಪೇಲವವಾಗುತ್ತವೆ. ನೀವೇ ಬಿಚ್ಚಲು ಹೋಗದೆ ಲೆನ್ಸ್ ರಿಪೇರಿ ಬಲ್ಲವರಿಗೆ ಕೊಡಿ. ಉಳಿದ ಮೂರನ್ನು ಚರ್ಮದ ಚೀಲದಿಂದ ತೆಗೆದು, ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಚಿಕ್ಕ ಮೀಟರ್ ಜೊತೆಗಿಡಿ. ಮುಳ್ಳು 40ರಿಂದ 50ರ ನಡುವೆ ಇರಲಿ. 28 ಸ್ವಚ್ಛವಾಗಿ ಬರುವವರೆಗೆ ಅದನ್ನು ಆ ಡಬ್ಬಿಗೆ ಸೇರಿಸಬೇಡಿ.